ಗೋಣಿಚೀಲದ ನೆರಳು

ನಮ್ಮೂರಲ್ಲಿ ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಯಾರ ಮನೆಯ ಮೇಲೂ ಹೆಂಚು ಇರುವ ಹಾಗಿಲ್ಲ. ಗಂಡಸರು ಏಣಿ ಹಾಕಿ ಹೆಂಚು ಇಳಿಸಿ ಗೋಡೆಗೆ ಒರಗಿಸಿಡುತ್ತಾರೆ. ಹೆಂಗಸರು ಕೊಡೆಗಳನ್ನು ಮಡಚಿ ಟ್ರಂಕಿಗೆ ಹಾಕುತ್ತಾರೆ. ಅಂಗಳಕ್ಕೆ ನೀರು ಚಿಮುಕಿಸುವುದೂ ಅವತ್ತಿಗೆ ನಿಲ್ಲುತ್ತೆ. ಮಳೆ ಬೀಳುವ ತನಕ ಊರಿಗೆ ಊರೇ ಬೋಳುತಲೆಯಲ್ಲಿ ಇರಬೇಕು. ನೆಲ ಕಾಯಬೇಕು, ಕಾದ ನೆಲದ ಗಾಳಿ ಮೇಲೇಳಬೇಕು, ಎದ್ದುಹೋದ ಗಾಳಿಯ ಜಾಗ ತುಂಬಲು ಪಡುವಣ ಕಣಿವೆ ದಾಟಿ ಕಡಲಗಾಳಿ ಓಡಿಬರಬೇಕು, ಅದರ ಬೆನ್ನಿಗೆ ಮೋಡ ಬರಬೇಕು. ಇಷ್ಟನ್ನು ನಮ್ಮೂರಿನ ಮೂಗು ಸೋರುವ ಮಗುವೂ ಹೇಳುತ್ತೆ. ನೆರಳು ಕದ್ದವನು ಮಳೆ ಕದ್ದ ಅನ್ನುವುದು ನಮ್ಮ ಗಾದೆ.

ಹೊರಗಿನವರು ಕೇಳಿ ನಗುತ್ತಾರೆ. ನಗಲಿ, ಅವರ ಹಲ್ಲು, ಅವರ ಬಾಯಿ. ಒಂದು ದಿನ ಮಧ್ಯಾಹ್ನ ನಮ್ಮ ಬಂಡೆಚೌಕದಲ್ಲಿ ಬಂದು ನಿಂತು ಆಮೇಲೆ ನಗಲಿ. ಅಲ್ಲಿ ಗಾಳಿ ನೆಲದಿಂದ ಎದ್ದು ನೆಟ್ಟಗೆ ಆಕಾಶಕ್ಕೆ ಹೋಗುತ್ತೆ. ಸೀರೆಯ ಸೆರಗು ತಾನಾಗಿ ತಲೆಯ ಮೇಲೆ ನಿಲ್ಲುತ್ತೆ. ಕೋಳಿಮರಿಗಳನ್ನು ಬುಟ್ಟಿ ಮುಚ್ಚಿ ಮೇಲೆ ಕಲ್ಲು ಹೇರಿ ಇಡಬೇಕು, ಸಣ್ಣ ಮಕ್ಕಳ ಸೊಂಟಕ್ಕೆ ಹಗ್ಗ ಹಾಕಿ ಒರಳಿಗೆ ಕಟ್ಟಬೇಕು. ದೊಡ್ಡವರು ಉಡಿಯಲ್ಲಿ, ಜೇಬಿನಲ್ಲಿ ಕಲ್ಲು ಇಟ್ಟುಕೊಂಡೇ ಓಡಾಡುತ್ತೇವೆ. ಆ ದಿನಗಳಲ್ಲಿ ಎದುರು ಸಿಕ್ಕವರು "ಊಟ ಆಯ್ತಾ?" ಅಂತ ಕೇಳುವುದಿಲ್ಲ, "ಕಲ್ಲು ಇದೆಯಾ?" ಅಂತ ಕೇಳುತ್ತಾರೆ. ಉಳ್ಳವರ ಮನೆಯ ಹೆಂಗಸರು ಭಾರಕ್ಕೆ ಅಂತ ನೆಪ ಹೇಳಿ ಇರುವ ಒಡವೆಯನ್ನೆಲ್ಲ ಮೈಮೇಲೆ ಹೇರಿಕೊಳ್ಳುತ್ತಾರೆ. ನಮ್ಮ ಶಾಸ್ತ್ರಿಗಳು ಕಡ್ಡಿ ಆಸಾಮಿ. ಬೇಸಿಗೆಯ ಮದುವೆಗಳಲ್ಲಿ ಮಂತ್ರ ಮುಗಿಯುವ ತನಕ ಇಬ್ಬರು ಅವರನ್ನು ಭುಜ ಒತ್ತಿ ಹಿಡಿದುಕೊಂಡಿರುತ್ತಾರೆ.

ನಾನು ಹಪ್ಪಳದ ದ್ಯಾವಮ್ಮ. ಗಂಡ ತೀರಿಕೊಂಡ ಮೇಲೆ ಉದ್ದಿನ ಹಪ್ಪಳ ಮಾಡಿ ಮಾರಿಯೇ ಮಗನನ್ನು ಬೆಳೆಸಿದೆ. ಬಿಸಿಲು ನನ್ನ ಅನ್ನ. ಅದರ ಮೇಲೆ ನನಗೆ ಯಾವ ಜಗಳವೂ ಇರಲಿಲ್ಲ. ಒಂದೊಂದು ಹಪ್ಪಳದ ಮೇಲೂ ಒಂದೊಂದು ಬೆಣಚುಕಲ್ಲು ಇಟ್ಟು ಒಣಗಿಸುತ್ತೇನೆ. ಸ್ವಲ್ಪ ಮೈಮರೆತರೆ ಸಾಕು, ಎದ್ದು ಹಾರಿಹೋಗಿ ಪಕ್ಕದೂರಲ್ಲಿ ಬೀಳುತ್ತವೆ. ಆ ಊರಿನವರು ಪುಕ್ಕಟೆ ತಿಂದದ್ದಲ್ಲದೆ "ಉಪ್ಪು ಒಂಚೂರು ಜಾಸ್ತಿ" ಅಂತ ಹೇಳಿಕಳಿಸಿದ್ದರು. ಕೊಬ್ಬು ನೋಡಿ!

ಹಿಂದೆಲ್ಲ ಹೆಂಚು ಇಳಿಸಿದರೆ ಸಾಕಾಗುತ್ತಿತ್ತು. ಒಂದು ವರ್ಷ ಮಳೆ ತಡವಾಯಿತು. ಕಾವು ಸಾಲಲಿಲ್ಲ ಅಂತ ಊರಬಾಗಿಲ ಹುಣಸೆಮರಗಳನ್ನು ಕಡಿದರು. ಮರುವರ್ಷ ಇನ್ನೂ ತಡವಾಯಿತು. ಇದ್ದ ತೋಪನ್ನೂ ಬೋಳಿಸಿದರು, ಬೇಲಿಗಳನ್ನು ಸುಟ್ಟರು. ನಾನು ಹೇಳುತ್ತಿರುವ ವರ್ಷವಂತೂ ಊರ ಕೆಳಗಿನ ಕೆರೆಯ ತೂಬು ತೆಗೆದು ತಳದಲ್ಲಿದ್ದ ನೀರನ್ನೂ ಹರಿಯಬಿಟ್ಟರು, ಕೆರೆಯಂಗಳವೂ ಕಾಯಲಿ ಅಂತ. ಜ್ವರ ಇಳಿಯಲಿಲ್ಲ ಅಂತ ಕಂಬಳಿಯ ಮೇಲೆ ಕಂಬಳಿ ಹೊದಿಸಿದ ಹಾಗೆ. ಆದರೂ ಆಗ ಯಾರೂ ಬಾಯಿ ಬಿಡಲಿಲ್ಲ. ಕುಡಿಯುವುದಕ್ಕೆ ಚೌಕದ ಪಕ್ಕದ ಬಾವಿಯೊಂದು ಉಳಿದಿತ್ತು, ಅಷ್ಟೇ.

ಇದನ್ನೆಲ್ಲ ಮಾಡಿಸಿದವನು ಮರುಳಸಿದ್ದಪ್ಪ, ನಮ್ಮೂರ ಕಾವಿನ ಯಜಮಾನ. ಯಾರ ಮನೆಯಲ್ಲಿ ಎಷ್ಟು ನೆರಳಿದೆ ಅಂತ ನೋಡುವುದು, ಕಂಡರೆ ಕೀಳಿಸುವುದು ಅವನ ಕೆಲಸ. ನಾನೂ ಅವನೂ ಒಂದೇ ಬೀದಿಯಲ್ಲಿ ಮಣ್ಣಾಡಿ ಬೆಳೆದವರು. ಕೆಟ್ಟವನು ಅಂದುಕೊಳ್ಳಬೇಡಿ. ಅವನಿಗಿದ್ದದ್ದು ಭಯ. ದಿನಾ ಮಧ್ಯಾಹ್ನ ಚೌಕಕ್ಕೆ ಬಂದು ಬೂರುಗದ ಹತ್ತಿಯ ಒಂದು ಎಳೆಯನ್ನು ಗಾಳಿಗೆ ಬಿಡುತ್ತಿದ್ದ. ಅದು ಮೇಲೆ ಹೋಗಿ ಮೂಡಣದ ಕಡೆ ತೇಲಿ ಮರೆಯಾದರೆ ಕಡಲಗಾಳಿ ಹೊರಟಿದೆ ಅಂತ ಅರ್ಥ. ಆ ವರ್ಷ ಹತ್ತಿ ಮೇಲೇನೋ ಹೋಗುತ್ತಿತ್ತು. ಹೋಗಿ, ಅಲ್ಲೇ ಸುಮ್ಮನೆ ನಿಂತು, ಹೋದ ದಾರಿಯಲ್ಲೇ ಕೆಳಗಿಳಿದು ಬರುತ್ತಿತ್ತು. ಒಂದು ಸಲವಂತೂ ಸಿದ್ದಪ್ಪನ ತಲೆಯ ಮೇಲೇ ಬಂದು ಕೂತಿತು. ಯಾರೂ ನಗಲಿಲ್ಲ.

ಇನ್ನು ನನ್ನ ಸೊಸೆ ಸುಗುಣಳ ಮಾತು. ಕಣಿವೆಯಾಚೆ ಕಡಲ ಕಡೆಯವಳು. ಅವಳಿಗೆ ತಾಯಿ ಇಲ್ಲ, ಹಾಗಾಗಿ ಚೊಚ್ಚಲ ಹೆರಿಗೆಗೆ ತವರು ಅಂತಲೂ ಇಲ್ಲ. ಬಾಣಂತನ ನನ್ನ ತಲೆಗೇ ಬಂದಿತ್ತು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ನಾನು ಒಂದು ಅಂದರೆ ಅವಳು ಎರಡು ಅನ್ನಬೇಕು. ಹಪ್ಪಳದ ಹಿಟ್ಟು ಗಟ್ಟಿ ಅಂದರೆ "ಕೈ ಗಟ್ಟಿ ಇರೋರಿಗೆ ಹಿಟ್ಟು ಗಟ್ಟಿ ಕಾಣಲ್ಲ ಅತ್ತೆ" ಅನ್ನುತ್ತಿದ್ದಳು. ಉಡಿಗೆ ಕಲ್ಲು ಹಾಕಿಕೊ ಅಂದರೆ ತುಂಬಿದ ಹೊಟ್ಟೆ ತಟ್ಟಿ "ಇದಕ್ಕಿಂತ ಭಾರ ಬೇಕಾ?" ಅನ್ನುತ್ತಿದ್ದಳು. ನಮ್ಮೂರಲ್ಲಿ ಹೊಸ ಮದುವೆಯವರಿಗೆ ಹಿರಿಯರು ಮೊದಲೇ ಕಿವಿಮಾತು ಹೇಳಿರುತ್ತಾರೆ, ಮಕ್ಕಳು ಮಳೆ ಬಂದ ಮೇಲೆ ಹುಟ್ಟುವ ಹಾಗೆ ನೋಡಿಕೊಳ್ಳಿ ಅಂತ. ಇವರೂ ಹಾಗೇ ನೋಡಿಕೊಂಡಿದ್ದರು. ಅವರ ಲೆಕ್ಕ ತಪ್ಪಲಿಲ್ಲ, ಮಳೆಯ ಲೆಕ್ಕ ತಪ್ಪಿತು.

ಕೆರೆ ಖಾಲಿ ಮಾಡಿಸಿದ ದಿನ ಅವಳು ಒಂದು ಮಾತು ಅಂದಿದ್ದಳು. "ನಮ್ಮ ಕಡೆ ಗಾಳಿ ತಣ್ಣಗಿರೋ ಕಡೆಯಿಂದ ಬಿಸಿಯಾಗಿರೋ ಕಡೆಗೆ ಓಡುತ್ತೆ ಅತ್ತೆ. ದಿನಾ ಸಂಜೆ ದಡದಲ್ಲಿ ಕೂತು ನೋಡಿದೀನಿ. ಇಲ್ಲಿ ಕೆರೇನೂ ಕಾಯಿಸಿದ್ರು, ತೋಪೂ ಕಾಯಿಸಿದ್ರು. ಎಲ್ಲಾ ಕಡೇನೂ ಒಂದೇ ಬಿಸಿ ಆದ್ರೆ ಗಾಳಿ ಎಲ್ಲಿಂದ ಎಲ್ಲಿಗೆ ಹೋಗಬೇಕು?"

"ನಿಮ್ಮ ಕಡಲ ಮಾತು ನಿಮ್ಮ ಕಡಲಲ್ಲಿರಲಿ. ಹಿಟ್ಟು ಕುಟ್ಟು" ಅಂದಿದ್ದೆ ನಾನು.

ಮಳೆ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯುತ್ತಲೇ ಅವಳಿಗೆ ದಿನ ತುಂಬಿತು. ಮಧ್ಯಾಹ್ನವಾದರೆ ಗೋಡೆಗಳ ನೆರಳೂ ಗೋಡೆಯ ಬುಡಕ್ಕೆ ಸೇರಿಕೊಂಡುಬಿಡುತ್ತಿತ್ತು. ಹೆಂಚಿಲ್ಲದ ಮನೆಯೊಳಗೆ ಕೂತರೂ ಒಂದೇ, ಬೀದಿಯಲ್ಲಿ ನಿಂತರೂ ಒಂದೇ. ಅಂಥದೊಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತು ಹಪ್ಪಳ ಮಗುಚಿ ಹಾಕುತ್ತಿದ್ದಳು. ಒಂದು ಸಾಲನ್ನು ಬಿಟ್ಟೇ ಮುಂದೆ ಹೋದಳು. ನಾನು ಬೈದೆ. ತಿರುಗಿ ಮಾತಿಲ್ಲ. ಇನ್ನೊಂದು ಬೈಗುಳ ಬೈದೆ, ಸ್ವಲ್ಪ ಖಾರವಾಗಿಯೇ. ಆಗಲೂ ಇಲ್ಲ. ಸುಗುಣ ನನಗೆ ಎದುರು ಮಾತಾಡಲಿಲ್ಲ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಹತ್ತಿರ ಹೋಗಿ ಮುಖ ಎತ್ತಿ ನೋಡಿದರೆ ಕಣ್ಣು ನೆಟ್ಟಿತ್ತು, ತುಟಿ ಒಣಗಿ ಬಿರಿದಿತ್ತು. ಮುಟ್ಟಿದ ಕೈ ಚುರ್ ಅಂದಿತು.

ಸೂಲಗಿತ್ತಿ ಮೈಮೂನಬಿಯನ್ನು ಕೂಗಿ ಕರೆದೆ. ಈ ಊರಿನ ಅರ್ಧ ಜನ ಅವಳ ಕೈಗೇ ಹುಟ್ಟಿದವರು. ಬಂದವಳು ಸುಗುಣಳ ಕತ್ತು ಮುಟ್ಟಿದಳು, ಕಂಕುಳು ಮುಟ್ಟಿದಳು, ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಿದಳು.

"ಬೆವರು ನಿಂತುಬಿಟ್ಟಿದೆ ದ್ಯಾವಕ್ಕ. ಬೆವರು ಬರೋ ತನಕ ಭಯ ಇರಲ್ಲ, ನಿಂತ ಮೇಲೇ ಭಯ. ನೋವು ಬೇರೆ ಶುರುವಾಗ್ತಿದೆ. ಇವಳಿಗೀಗ ನೆರಳು ಬೇಕು, ಮೈಮೇಲೆ ಒದ್ದೆ ಬಟ್ಟೆ ಬೇಕು. ಇಲ್ಲಾಂದ್ರೆ ತಾಯಿನೂ ಇಲ್ಲ, ಮಗುನೂ ಇಲ್ಲ."

"ಗಾಡಿ ಕಟ್ಟಿ ಕಣಿವೆ ದಾಟಿಸಿಬಿಡಲಾ?"

"ಈ ಬಿಸಿಲಲ್ಲಾ? ಅರ್ಧ ದಾರಿಗೆ ಹೆಣ ಇಳಿಸ್ಕೊಳ್ತೀಯ."

"ಊರ ಕಟ್ಟು ಇದೆಯಲ್ಲೇ ಮೈಮೂನಬಿ."

"ಅದು ನಿನಗೂ ಊರಿಗೂ ಬಿಟ್ಟಿದ್ದು. ನಾನು ಹೇಳೋದು ಹೇಳಿದೆ."

ನಾನು ಹೆಚ್ಚು ಯೋಚನೆ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಉದ್ದು ತುಂಬಿದ್ದ ಗೋಣಿಚೀಲಗಳನ್ನು ಅಲ್ಲೇ ನೆಲಕ್ಕೆ ಸುರಿದೆ. ಹೊಲಿಗೆ ಬಿಚ್ಚಿ, ದಬ್ಬಣ ಹಿಡಿದು ಒಂದಕ್ಕೊಂದು ಜೋಡಿಸಿ ಹೊಲಿದೆ. ಹಪ್ಪಳದ ಅಟ್ಟಣೆಯ ಬಿದಿರು ಕಿತ್ತು ಅಂಗಳದಲ್ಲಿ ನಾಲ್ಕು ಮೂಲೆಗೆ ನೆಟ್ಟು ಗೋಣಿಯನ್ನು ಎಳೆದು ಕಟ್ಟಿದೆ. ಒಂದು ಮೂಲೆ ಜೋಲುತ್ತಿತ್ತು, ಹಾಳಾಗಿ ಹೋಗಲಿ ಅಂತ ಬಿಟ್ಟೆ. ಸುಗುಣಳನ್ನು ಅದರಡಿ ಮಲಗಿಸಿ, ಮನೆಯಲ್ಲಿದ್ದ ಎರಡು ಕೊಡ ನೀರನ್ನೂ ಗೋಣಿಯ ಮೇಲೆ, ಅವಳ ಮೈಮೇಲೆ ಸುರಿದೆ. ಆ ನೆಲಕ್ಕೆ ನೆರಳು ಬಿದ್ದು ಎಷ್ಟು ಕಾಲವಾಗಿತ್ತೋ ಏನೋ. ಬೀದಿಯ ಜನ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಒಬ್ಬರೂ ಒಳಗೆ ಬರಲಿಲ್ಲ. ಒಬ್ಬ ಮಾತ್ರ ಚೌಕದ ಕಡೆ ಓಡಿದ. ಯಾಕೆ ಅಂತ ನನಗೆ ಗೊತ್ತಿತ್ತು.

ಸಿದ್ದಪ್ಪ ತನ್ನ ತಂಡ ಕಟ್ಟಿಕೊಂಡು ಬಂದ. ನೆರಳು ಕೀಳುವ ತಂಡಕ್ಕೆ ಮನೆಗೊಬ್ಬ ಗಂಡಾಳು ಹೋಗಬೇಕು, ಅದು ಕಟ್ಟು. ನಮ್ಮ ಮನೆಯಿಂದ ಹೋಗಿದ್ದವನು ನನ್ನ ಮಗ ಈರಣ್ಣ. ಅವತ್ತು ದೋಟಿ ಹಿಡಿಯುವ ಸರದಿಯೂ ಅವನದೇ. ಹಣ್ಣು ಕೀಳುವ ಕೊಕ್ಕೆಗೋಲು ಅದು. ಮರಗಳು ಹೋದ ಮೇಲೆ ಅದರಿಂದ ಚಾಪೆ, ಚಪ್ಪರ ಕೀಳುತ್ತಿದ್ದರು. ನೆರಳು ಯಾರ ಮನೆಯದು ಅಂತ ಅವನಿಗೆ ನಮ್ಮ ಬೀದಿಗೆ ತಿರುಗುವ ತನಕ ಗೊತ್ತಿರಲಿಲ್ಲವಂತೆ. ಚಪ್ಪರ ನೋಡಿ ಅಲ್ಲೇ ಕಲ್ಲಾದ.

"ಏನಿದು ದ್ಯಾವಮ್ಮ?" ಅಂದ ಸಿದ್ದಪ್ಪ.

"ಕಣ್ಣು ಕಾಣಲ್ವಾ? ನೆರಳು."

"ತಮಾಷೆ ಮಾಡಬೇಡ. ಬಿಚ್ಚು."

"ಇವಳ ಮೈ ತಣ್ಣಗಾಗ್ಲಿ, ಹೆರಿಗೆ ಆಗ್ಲಿ, ಬಾಣಂತನ ಆಗ್ಲಿ. ಆಮೇಲೆ ಮನಸ್ಸು ಬಂದ್ರೆ ಬಿಚ್ಚುತೀನಿ."

"ಒಬ್ಬಳಿಗೋಸ್ಕರ ಊರನ್ನೇ ಒಣಗಿಸ್ತೀಯಾ?"

"ಊರು ಅಂದ್ರೆ ಯಾರಪ್ಪಾ? ಇವಳು ಊರಲ್ವಾ? ಹೊಟ್ಟೇಲಿರೋದು ಊರಲ್ವಾ? ನೀನು ನಿನ್ನ ದೋಟಿ ಎರಡೇ ಊರಾ?"

ಜನರಲ್ಲಿ ಯಾರೋ ಕಿಸಕ್ಕೆಂದರು. ಸಿದ್ದಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಚಪ್ಪರದ ಅಂಚಿಗೆ ಬಂದು ದನಿ ತಗ್ಗಿಸಿದ. "ನನ್ನ ಮನೇಲೂ ಮೊಮ್ಮಕ್ಕಳಿದಾವೆ ದ್ಯಾವಮ್ಮ. ಮಳೆ ಬರದಿದ್ರೆ ಅವೇನು ತಿನ್ನಬೇಕು, ನಿನ್ನ ಹಪ್ಪಳಾನಾ? ಮೊದಲನೇ ಮೋಡ ಒಂದು ಇಳಿದ್ರೆ ಸಾಕು. ಅದು ತನ್ನ ಕಾವನ್ನ ಮೇಲೆ ಬಿಟ್ಕೊಡುತ್ತೆ, ಆಮೇಲೆ ಮಳೇನೇ ಮಳೇನ ಎಳ್ಕೊಂಡು ಬರುತ್ತೆ. ಆ ಮೊದಲನೇದನ್ನ ಕರೆಯೋಕೆ ನಮ್ಮ ಕಾವು ಬೇಕು. ಅದಕ್ಕೆ ತೂತು ಬೀಳಬಾರದು. ನಿನಗೆ ಗೊತ್ತಿಲ್ಲದ್ದಲ್ಲ."

ಆ ಮಕ್ಕಳೂ ನನ್ನ ಕೈಯಿಂದ ಹಪ್ಪಳದ ಚೂರು ತಿಂದು ಬೆಳೆದವೇ. ನನ್ನ ಚಪ್ಪರದಿಂದ ಮಳೆ ಓಡಿಹೋಗುವುದಿಲ್ಲ ಅಂತ ಪ್ರಮಾಣ ಮಾಡಿ ಹೇಳಲು ನನಗೇನು ಗೊತ್ತಿತ್ತು? ನಾನೂ ಇದೇ ಊರಿನ ಗಾದೆ ತಿಂದು ಬೆಳೆದವಳು.

"ಗೊತ್ತಿಲ್ಲ ಸಿದ್ದಪ್ಪ" ಅಂದೆ. "ಓಡಿಹೋಗೋದಾದ್ರೆ ಓಡಿಹೋಗ್ಲಿ. ತುಂಬಿದ ಬಸುರೀನ ಬಿಸಿಲಲ್ಲಿ ಬೇಯಿಸಿದ್ರೇನೇ ಬರ್ತೀನಿ ಅನ್ನೋ ಮಳೆ ನನಗೆ ಬೇಡ. ಆ ಮಳೆ ನೀರಲ್ಲಿ ಬೆಳೆದ ಅನ್ನ ನನಗೆ ಗಂಟಲಲ್ಲಿ ಇಳಿಯಲ್ಲ."

ಅವನು ತಂಡದ ಕಡೆ ತಿರುಗಿ, "ಈರಣ್ಣ, ಎಳೆಯೋ" ಅಂದ.

ಈರಣ್ಣ ಮೆತ್ತಗಿನವನು. ಚಿಕ್ಕಂದಿನಿಂದಲೂ ಹಾಗೇ, ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರ ಮಾತು ಕೇಳುತ್ತಾನೆ. ದೋಟಿ ಎತ್ತಿ ಗೋಣಿಯ ಅಂಚಿಗೆ ಸಿಕ್ಕಿಸಿಯೇ ಬಿಟ್ಟ. ಎಳೆಯದೆ ನನ್ನ ಕಡೆ ನೋಡಿದ. ನನಗೆ ಅಡ್ಡ ನಿಂತು ಕೂಗಾಡಬೇಕು ಅನ್ನಿಸಿತು. ಕೂಗಾಡಿದರೆ ಅವನು ಇನ್ನೂ ಗಾಬರಿಯಾಗಿ ಎಳೆದುಬಿಡುತ್ತಾನೆ ಅಂತಲೂ ಅನ್ನಿಸಿತು.

"ಎಳಿ ಮಗನೇ, ನಾನು ಅಡ್ಡ ಬರಲ್ಲ" ಅಂದೆ. "ಎಳೆಯೋಕೆ ಮುಂಚೆ ಒಂದ್ಸಲ ಒಳಗೆ ಬಂದು ಅವಳ ಹಣೆ ಮುಟ್ಟು. ಅಷ್ಟು ಮಾಡು."

ಬಗ್ಗಿ ಒಳಗೆ ಬಂದ. ಹಣೆಯ ಮೇಲೆ ಕೈಯಿಟ್ಟವನು ತಟ್ಟನೆ ತೆಗೆದ, ಮತ್ತೆ ಇಟ್ಟ. ಸುಗುಣ ಕಣ್ಣು ತೆರೆಯಲಿಲ್ಲ, ಅವನ ಬೆರಳು ಮಾತ್ರ ಹಿಡಿದುಕೊಂಡಳು. "ಅವ್ವಾ, ಇವಳು ಸಾಯ್ತಿದಾಳಲ್ಲವ್ವಾ" ಅಂದ, ಚಿಕ್ಕ ಹುಡುಗನ ದನಿಯಲ್ಲಿ. ಆಮೇಲೆ ಹೊರಗೆ ಹೋಗಿ ಗೋಣಿಗೆ ಸಿಕ್ಕಿಸಿದ್ದ ದೋಟಿ ಬಿಡಿಸಿಕೊಂಡ. ಅದನ್ನು ಜೋಲುತ್ತಿದ್ದ ಮೂಲೆಯ ಅಡಿಗೆ ಊರಿ, ಗೋಣಿ ಎತ್ತಿ ಹಿಡಿದು ಅಲ್ಲೇ ನಿಂತುಕೊಂಡ.

"ಈರಣ್ಣ!" ಅಂತ ಗದರಿದ ಸಿದ್ದಪ್ಪ.

"ಆಗಲ್ಲ ಯಜಮಾನ್ರೇ. ಬೇಕಾದ್ರೆ ನನ್ನನ್ನೂ ಸೇರಿಸಿ ಎಳೀರಿ."

ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಅವತ್ತು ಒಂದು ಸಾರ್ಥಕದ ಮಾತಾಡಿದ. ತಂಡದ ಉಳಿದವರು ಮುಖ ಮುಖ ನೋಡಿಕೊಂಡರು. ಬಾಣಂತಿಯಾಗುವವಳ ಮೈಮೇಲೆ ಚಪ್ಪರ ಕೆಡವಿದ ಅಂತ ಅನ್ನಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಸಿದ್ದಪ್ಪ ಬೇರೆ ದಾರಿ ಹಿಡಿದ. ಬಾವಿಯ ರಾಟೆಗೆ ಕಾವಲು ಹಾಕಿಸಿ, ಈ ಮನೆಗೆ ಒಂದು ಬಿಂದಿಗೆ ನೀರೂ ಸೇದಕೂಡದು ಅಂತ ಸಾರಿಸಿದ. "ಮಳೆ ಬರದಿದ್ರೆ ಊರು ನಿನ್ನ ಹೆಸರು ಹೇಳ್ಕೊಂಡೇ ಸಾಯುತ್ತೆ, ನೆನಪಿಟ್ಕೋ" ಅಂತ ಹೇಳಿ ಹೋದ.

ಗೋಣಿ ಒಣಗತೊಡಗಿತು. ಒದ್ದೆ ಬಟ್ಟೆಯಂತೂ ಮೈಮೇಲೆ ಹಾಕಿದಷ್ಟೇ ಬೇಗ ಗರಿಗರಿಯಾಗುತ್ತಿತ್ತು. ಮೈಮೂನಬಿ ನನ್ನ ಮುಖ ನೋಡಿದಳು, ನಾನು ಖಾಲಿ ಕೊಡ ನೋಡಿದೆ. ಆಗ ಎದುರುಮನೆಯ ನಾಗವೇಣಿ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬೀದಿ ದಾಟಿ ಬಂದಳು. ನನಗೂ ಅವಳಿಗೂ ಕೋಳಿಯ ವಿಷಯಕ್ಕೆ ಮಾತು ಬಿಟ್ಟು ಬಹಳ ಕಾಲವಾಗಿತ್ತು.

"ನಿನ್ನ ಮೇಲಿನ ಸಿಟ್ಟು ಹಂಗೇ ಇದೆ, ತಿಳ್ಕೋ" ಅಂದಳು. "ಇದು ಆ ಹುಡುಗಿಗೆ. ನಮ್ಮನೆ ಕುಡಿಯೋ ನೀರು. ಯಾರಿಗೆ ಸುರೀಬೇಕು ಅಂತ ಸಿದ್ದಪ್ಪನ್ನ ಕೇಳೋಕೆ ಅದೇನು ಅವನಪ್ಪನ ಬಾವೀದಾ?"

ಅವಳ ಹಿಂದೆಯೇ ತಿಪ್ಪಜ್ಜ ಬಂದ. ಬೀದಿಯ ಕೊನೆಯ ಮನೆಯವನು, ಎಂಬತ್ತು ದಾಟಿದ ಮುದುಕ. ಹರಕು ಚಾಪೆ ಎಳೆದುಕೊಂಡು ಬಂದು ಚಪ್ಪರದ ಅಂಚಿನಲ್ಲಿ ಹಾಸಿ ಮಲಗಿಯೇಬಿಟ್ಟ. "ನಾನು ದ್ಯಾವಮ್ಮನ ಪರ ಅಲ್ಲ, ಯಜಮಾನನ ಪರಾನೂ ಅಲ್ಲ, ನೆರಳಿನ ಪರ" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಜನ ನಕ್ಕರು. ನಕ್ಕವರಲ್ಲೇ ಒಬ್ಬಳು ಜ್ವರ ಬಂದ ಮಗುವನ್ನು ತಂದು ಅಜ್ಜನ ಪಕ್ಕ ಮಲಗಿಸಿದಳು. ಜಾಗ ಸಾಲಲಿಲ್ಲ ಅಂತ ನಾಗವೇಣಿ ತನ್ನ ಹಳೇ ಸೀರೆ ತಂದು ಗೋಣಿಗೆ ಸೇರಿಸಿ ಕಟ್ಟಿದಳು. ಅದಕ್ಕೆ ಇನ್ನೊಬ್ಬರು ಚಾಪೆ, ಮತ್ತೊಬ್ಬರು ಜಮಖಾನ. ಎಲ್ಲರ ಮನೆಯಿಂದಲೂ ಅರ್ಧ ಬಿಂದಿಗೆ, ಒಂದು ಚೊಂಬು ಅಂತ ನೀರು ಬಂತು. ಬೆಳಗಾಗುವಷ್ಟರಲ್ಲಿ ನಮ್ಮ ಬೀದಿಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಬಣ್ಣಬಣ್ಣದ ಹರಕು ನೆರಳು ಹಬ್ಬಿತ್ತು. ಎಲ್ಲರಿಗೂ ಒಳಗೊಳಗೇ ಹೆದರಿಕೆ. ಒಬ್ಬರೂ ಬಿಚ್ಚಲಿಲ್ಲ.

ಸುಗುಣಳ ಹಣೆಯ ಮೇಲೆ ಬೆವರು ಮೂಡಿದಾಗ ಮೈಮೂನಬಿ ನನ್ನ ಕೈ ಹಿಡಿದು ಅಲ್ಲಿ ಮುಟ್ಟಿಸಿದಳು. ಬೆವರು ಮುಟ್ಟಿ ನಾನು ಅತ್ತುಬಿಟ್ಟೆ. ಬಿಸಿಲೇರುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಕೆಂಪಗೆ, ಕೋಪ ಮಾಡಿಕೊಂಡು, ಬೀದಿಯೇ ಕಿತ್ತುಹೋಗುವ ಹಾಗೆ ಅತ್ತಿತು. ತಾಯಿ ಕಣ್ಣು ಬಿಟ್ಟು ಮೊದಲು ಆಡಿದ ಮಾತು, "ಅತ್ತೆ, ಈ ಗೋಣಿ ಹುಳುಕು ಉದ್ದಿನ ವಾಸನೆ ಬರ್ತಿದೆ, ಒಗೆದಾದ್ರೂ ಕಟ್ಟಬಾರದಿತ್ತಾ?" ಅಂತ. ನನ್ನ ಪ್ರಾಣ ಮರಳಿ ಬಂತು. "ಬಾಯಿ ನೋಡು ಇವಳದು!" ಅಂತ ಬೈದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಮಳೆಯ ಸುದ್ದಿಯೇ ಇರಲಿಲ್ಲ. ಆಕಾಶ ರೊಟ್ಟಿ ಹಂಚಿನ ಹಾಗೆ ಕಾದು ಬಿಳಿಚಿಕೊಂಡಿತ್ತು. ಚೌಕದ ಕಡೆಯ ಬೀದಿಗಳವರು ನಮ್ಮ ಬೀದಿಯ ತುದಿಗೆ ಬಂದು ನಿಂತು ಶಾಪ ಹಾಕಿದರು. ಮಣ್ಣು ತೂರಿದರು. ಈ ಮಗುವಿಗೆ ಬರಗಾಲ ಅಂತಲೇ ಹೆಸರಿಡಿ ಅಂತ ಒಬ್ಬಳು ಕೂಗಿದಳು. ನಾನು ಎದ್ದು ಹೋಗಿ, "ನಿನ್ನ ನಾಲಿಗೆಗೆ ಅದೇ ಹೆಸರಿಡ್ತೀನಿ, ಬಾ ಇಲ್ಲಿ" ಅಂದೆ. ಅವಳೇನೂ ಬರಲಿಲ್ಲ. ಆದರೆ ಅವಳ ಕಂಕುಳಲ್ಲಿದ್ದ ಕೂಸಿನ ಬಾಯಿಯೂ ಒಣಗಿತ್ತು. ಅದನ್ನು ನೋಡಿದೆ, ನೋಡಿ ನನಗೆ ಸಂಕಟವಾಯಿತು. ಆದರೂ ಚಪ್ಪರದ ಒಂದು ಹಗ್ಗವನ್ನೂ ಸಡಿಲಿಸಲಿಲ್ಲ.

ಬಾಣಂತಿಗೆ ನೀರು ಕಾಯಿಸಲು ಅಂಗಳದಲ್ಲಿ ಒಲೆ ಹಚ್ಚಿದ್ದೆ. ಆ ಕಾಲದಲ್ಲಿ ನಮ್ಮೂರ ಹೊಗೆ ಕಂಬದ ಹಾಗೆ ನೆಟ್ಟಗೆ ಮೇಲೇರುವುದೇ ಹೊರತು ಆಚೀಚೆ ಹೋಗುವುದಿಲ್ಲ. ಅವತ್ತು ಮಧ್ಯಾಹ್ನ ಹೊಗೆ ಬಗ್ಗಿತು. ನೆಲ ಹಿಡಿದು, ನಮ್ಮ ಬೀದಿಯ ನೆರಳಿನ ಅಡಿಯಿಂದ ಹೊರಟು, ಮೆಲ್ಲಗೆ ಬಂಡೆಚೌಕದ ಕಡೆಗೆ ಹರಿಯಿತು. ತಿಪ್ಪಜ್ಜ ಎದ್ದು ಕೂತು ಬರಿಮೈ ಮುಟ್ಟಿಕೊಂಡು, "ಏಯ್, ಬೆನ್ನಿಗೇನೋ ತಾಕ್ತಾ ಇದೆಯಲ್ರೋ" ಅಂದ. ಗಾಳಿ. ಮಗು ಮಲಗಿದ್ದ ತೊಟ್ಟಿಲ ಬಟ್ಟೆಯೂ ಅದೇ ದಿಕ್ಕಿಗೆ ಅಲುಗಿತು. ಸುಗುಣ ಮಲಗಿದ್ದಲ್ಲಿಂದಲೇ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಕಡಲ ಮಾತು ನೆನಪಾಯಿತಾ ಅತ್ತೆ ಅನ್ನುವ ಹಾಗೆ. ನಾನು ನೋಡದವಳ ಹಾಗೆ ಒಲೆ ಊದಿದೆ.

ಚೌಕದಲ್ಲಿ ಸಿದ್ದಪ್ಪ ಬಿಟ್ಟ ಹತ್ತಿ ಅವತ್ತು ಮೇಲೆ ಹೋದದ್ದು ಕೆಳಗೆ ಬರಲಿಲ್ಲವಂತೆ. ಮಾರನೆಯ ದಿನ ಕಣಿವೆಯ ಕಡೆಯಿಂದ ಉಪ್ಪಿನ ವಾಸನೆ ಬಂತು. ಅದರ ಬೆನ್ನಿಗೆ ಕಪ್ಪು. ಸಿಡಿಲು ಹೊಡೆದು ಮೊದಲ ಹನಿ ಬಿದ್ದದ್ದೇ ತಡ, ಊರಿಗೆ ಊರೇ ಬೋಳುಮನೆಗಳಿಂದ ಹೊರಗೆ ಬಿದ್ದು ಕುಣಿಯಿತು. ಉಡಿಯ ಕಲ್ಲುಗಳನ್ನು ಬೀದಿಗೆ ಎಸೆದರು. ಹೆಂಚು ಏರಿಸುವುದನ್ನೂ ಮರೆತು ನೆನೆದರು. ಸಿದ್ದಪ್ಪ ಹೇಳಿದ್ದು ನಿಜ, ಒಂದು ಸಲ ಶುರುವಾದ ಮೇಲೆ ಮಳೆಯೇ ಮಳೆಯನ್ನು ಎಳೆದುಕೊಂಡು ಬಂತು. ನನ್ನ ಹಪ್ಪಳವೆಲ್ಲ ಅಂಗಳದಲ್ಲಿ ಹಿಟ್ಟಾಗಿ ಹರಿದುಹೋಯಿತು. ಹೋಗಲಿ, ಅವತ್ತು ಬೇಜಾರಾಗಲಿಲ್ಲ.

ಮಳೆ ಒಂದು ಹದಕ್ಕೆ ಬಂದ ಮೇಲೆ ಸಿದ್ದಪ್ಪ ಮತ್ತೆ ಬಂದ. ಈ ಸಲ ದೋಟಿಯಿಲ್ಲ. ತಟ್ಟೆಯಲ್ಲಿ ಹಣ್ಣು ಕಾಯಿ, ಸೀರೆ ಕಣ, ಹಿಂದೆ ತಮಟೆಯವರು, ಊರ ಹಿರಿಯರು, ಕೊಡೆ ಹಿಡಿದ ಶಾಸ್ತ್ರಿಗಳು. ಅಂಗಳಕ್ಕೆ ಬಂದವನೇ ನೆನೆದು ಜೋತುಬಿದ್ದಿದ್ದ ಗೋಣಿ ಚಪ್ಪರಕ್ಕೆ ಕೈಮುಗಿದ. ನನಗೆ ನಗು ಬಂತು.

"ದ್ಯಾವಮ್ಮ, ಊರು ಕೂತು ತೀರ್ಮಾನ ಮಾಡಿದೆ" ಅಂದ. "ಮಳೆ ಕರೆದದ್ದು ಈ ಚಪ್ಪರ. ಅದರಲ್ಲಿ ಸಂಶಯ ಇಲ್ಲ. ಇನ್ನು ಮುಂದೆ ಪ್ರತಿ ಬೇಸಿಗೇಲೂ ನಿನ್ನ ಅಂಗಳದಲ್ಲಿ ಗೋಣಿಚೀಲದ ಚಪ್ಪರ ಹಾಕಬೇಕು, ಅದರಡಿ ಒಬ್ಬಳು ದಿನ ತುಂಬಿದ ಬಸುರೀನ ಮಲಗಿಸಬೇಕು. ಶಾಸ್ತ್ರಿಗಳು ಅದಕ್ಕೊಂದು ವಿಧಿ ಮಾಡಿಕೊಡ್ತಾರೆ. ಮೊದಲ ಮರ್ಯಾದೆ ನಿಂದೇ."

"ಮಿಕ್ಕವರು?"

"ಮಿಕ್ಕವರು ಎಂದಿನ ಹಾಗೆ ಬಿಸಿಲಲ್ಲಿ."

"ತಿಪ್ಪಜ್ಜ?"

"ಅವನೇನು ಬಸುರಿಯಾ?" ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

"ಬಸುರಿ ಯಾರೂ ಸಿಗದಿದ್ರೆ?" ಅಂದೆ ನಾನು.

ಶಾಸ್ತ್ರಿಗಳು ಗಂಟಲು ಸರಿ ಮಾಡಿಕೊಂಡು, "ಅದಕ್ಕೆ ಹೊಸ ಮದುವೆಯವರಿಗೆ ಮೊದಲೇ ಹೇಳಿಟ್ಟರಾಯ್ತಮ್ಮ" ಅಂದರು.

ನನ್ನ ಮೈ ಉರಿದುಹೋಯಿತು. ಸಾಯಲಿ ಅಂತ ಬಿಟ್ಟುಹೋದವರು, ನೀರಿನ ರಾಟೆಗೆ ಕಾವಲು ಹಾಕಿದವರು, ಈಗ ಬಂದು ನನ್ನ ಸೊಸೆಯ ಸಂಕಟವನ್ನೇ ವರ್ಷವರ್ಷದ ಶಾಸ್ತ್ರ ಮಾಡಲು ಹೊರಟಿದ್ದಾರೆ! ತಟ್ಟೆಯನ್ನು ಸಿದ್ದಪ್ಪನ ಕೈಗೇ ವಾಪಸು ಕೊಟ್ಟೆ.

"ಸಿದ್ದಪ್ಪ, ಸರಿಯಾಗಿ ಕೇಳಿಸ್ಕೋ. ನಾನು ಮಳೆ ಕರೆಯೋಕೆ ಇದನ್ನ ಕಟ್ಟಲಿಲ್ಲ. ಮಳೆ ಹೋದ್ರೆ ಹೋಗ್ಲಿ ಅಂತಾನೇ ಕಟ್ಟಿದ್ದು. ಒಂದು ಹನಿ ಬೀಳದೇ ಇದ್ದಿದ್ರೂ, ನೀವೆಲ್ಲಾ ಬಂದು ನನ್ನ ಮನೆ ಮುಂದೆ ಬಾಯಿ ಬಡ್ಕೊಂಡಿದ್ರೂ ನಾನು ಬಿಚ್ಚುತಿರಲಿಲ್ಲ. ನಾಳೆ ತಿಪ್ಪಜ್ಜನಿಗೆ ಬಿಸಿಲು ತಾಳಲಿಲ್ಲ ಅಂದ್ರೆ ಅವನಿಗೂ ಕಟ್ತೀನಿ. ನಿನಗೆ ತಾಳಲಿಲ್ಲ ಅಂದ್ರೆ ನಿನಗೂ ಕಟ್ತೀನಿ. ಮಳೆ ಬರುತ್ತಾ ಬರಲ್ವಾ ಅಂತ ಕೇಳ್ಕೊಂಡು ಕಟ್ಟಲ್ಲ."

ಅವನ ಮುಖ ಸಣ್ಣಗಾಯಿತು. ಬೀದಿಯಲ್ಲಿ ನೆರೆದಿದ್ದವರ ಕಡೆ ಒಂದು ಸಲ ನೋಡಿ, ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಮೆಲ್ಲಗೆ ಮಾತಾಡೇ ಮಾರಾಯ್ತಿ. ಜನ ಕೇಳಿಸ್ಕೊಳ್ತಾರೆ."

ನಾನು ಅವನನ್ನು ಪಕ್ಕಕ್ಕೆ ಸರಿಸಿ ಬೀದಿಗೆ ಇಳಿದೆ. ಮಳೆ ಮತ್ತೆ ಧೋ ಅಂತ ಸುರಿಯತೊಡಗಿತ್ತು. ತಮಟೆಯವರಿಗೆ ಕೈ ತೋರಿಸಿ ನಿಲ್ಲಿಸಲು ಹೇಳಿದೆ. ಅದೇ ಮಾತನ್ನು, ಒಂದೂ ಬಿಡದ ಹಾಗೆ, ಆ ತುದಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಂದು ಸಲ ಹೇಳಿದೆ.